ಕರೆಂಟ್ ಹೋಗಿ ಬಂದರೂ ತಾನಾಗಿ ಏಳುವ ಡಿಎನ್‌ಎಸ್: ರಾಸ್ಪ್‌ಬೆರಿ ಪೈಯಲ್ಲಿ ಒಂದು ಪುಟ್ಟ ಕಂಟೇನರ್

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಒಳ ಊರುಗಳಿಗೂ ಈಗ ಫೈಬರ್ ಬಂದಿದೆ. ಚಾವಡಿಯ ಗೋಡೆಯಲ್ಲಿ ಒಂದು ಒಎನ್‌ಯು (ಫೈಬರ್ ಬಂದು ಸೇರುವ ಡಬ್ಬಿ), ಅದರ ಪಕ್ಕ ರೂಟರ್, ಅಡಿಕೆ ಒಣಗುವ ಅಂಗಳಕ್ಕೆ ಮುಖ ಮಾಡಿದ ಕ್ಯಾಮರಾ, ಮೂಲೆಯಲ್ಲಿ ಪ್ರಿಂಟರ್, ಮತ್ತೆ ಮನೆಯವರ ಫೋನುಗಳು. ಇಷ್ಟಾದ ಮೇಲೆ ಮನೆಗೆ ಒಂದು ಸ್ವಂತ ಡಿಎನ್‌ಎಸ್ ಸರ್ವರ್ (ಸೈಟಿನ ಹೆಸರು ಕೊಟ್ಟರೆ ಅದರ ಅಂಕೆಯ ವಿಳಾಸ ಹೇಳುವಂಥದ್ದು) ಇಟ್ಟುಕೊಳ್ಳುವುದು ದೊಡ್ಡ ಸಂಗತಿಯಲ್ಲ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, ಹಳೆಯದಾದರೂ ಸಾಕು.

ಏನು ಸಿಗುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಇದರಿಂದ ಇಂಟರ್ನೆಟ್ಟಿನ ಸ್ಪೀಡ್ ಜಾಸ್ತಿ ಆಗುವುದಿಲ್ಲ. ಡೌನ್‌ಲೋಡ್ ಮೊದಲಿನ ಹಾಗೆಯೇ ಇರುತ್ತದೆ. ಒಮ್ಮೆ ಕೇಳಿದ ಹೆಸರಿನ ಉತ್ತರ ಸ್ವಲ್ಪ ಹೊತ್ತು ಮನೆಯಲ್ಲೇ ಉಳಿಯುವುದರಿಂದ ಪುಟ ತೆರೆಯುವಾಗಿನ ತಡವರಿಕೆ ಒಂಚೂರು ಕಡಿಮೆ ಆಗಬಹುದು, ಅಷ್ಟೇ. ನಿಜವಾದ ಲಾಭ ಎರಡು. ಮನೆಯ ಕ್ಯಾಮರಾ, ಪ್ರಿಂಟರುಗಳನ್ನು ಅಂಕೆಯ ಬದಲು ಹೆಸರಿನಿಂದ ಕರೆಯಬಹುದು. ಬೇಡದ ಕೆಲವು ಡೊಮೇನುಗಳನ್ನು ಇಡೀ ಮನೆಗೇ ಒಂದೇ ಕಡೆ ತಡೆಯಬಹುದು.

ಇನ್ನೊಂದು ವಿಷಯವನ್ನೂ ಮೊದಲೇ ತಿಳಿದಿರಬೇಕು. ಡಿಎನ್‌ಎಸ್ ನಿಂತರೆ ಮನೆಯ ನೆಟ್ಟೇ ನಿಂತ ಹಾಗೆ. ಸರ್ವರ್ ಎಬ್ಬಿಸುವುದು ಅರ್ಧ ಗಂಟೆಯ ಕೆಲಸ. ಜುಲೈ ತಿಂಗಳಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುವಾಗ ಯಾರೂ ಮುಟ್ಟದೆ ಅದು ತಾನಾಗಿ ಎದ್ದು ನಿಲ್ಲಬೇಕು, ಅಸಲಿ ಕೆಲಸ ಇರುವುದು ಅಲ್ಲಿ. ಹಾಗಾಗಿ ಈ ಲೇಖನದಲ್ಲಿ ಜಾಹೀರಾತು ತಡೆಯುವುದಕ್ಕಿಂತ ಜಾಸ್ತಿ ಮಾತು ಕರೆಂಟಿನ ಬಗ್ಗೆಯೇ ಇದೆ.

ಒಂದು ಸೂಚನೆ: ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ.

ಯಾವ ಯಂತ್ರ, ಯಾವ ಸಾಫ್ಟ್‌ವೇರ್

ಪೈ 3 ಇದ್ದರೆ ಧಾರಾಳ. 512 ಎಂಬಿ ರ್‍ಯಾಮಿನ ಪೈ ಝೀರೋ 2 ಡಬ್ಲ್ಯು ಕೂಡ ಸಾಕಾಗುತ್ತದೆ, ಆದರೆ ಅದರಲ್ಲಿ ಲ್ಯಾನ್ ಪೋರ್ಟ್ ಇಲ್ಲ, ವೈಫೈ ಮಾತ್ರ. ಇಡೀ ಮನೆ ನಂಬಿಕೊಂಡಿರುವ ಯಂತ್ರವನ್ನು ವೈಫೈ ಮೇಲೆ ನಿಲ್ಲಿಸುವುದು ನನಗೆ ಇಷ್ಟವಿಲ್ಲ. ರೂಟರಿನಿಂದ ಒಂದಡಿ ಉದ್ದದ ಲ್ಯಾನ್ ಕೇಬಲ್ ಎಳೆದರೆ ಮುಗಿಯಿತು. ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದೂ ಆಗುತ್ತದೆ. ಬ್ಯಾಟರಿ ಇನ್ನೂ ಸ್ವಲ್ಪ ಹಿಡಿಯುತ್ತಿದ್ದರೆ ಪೈಗಿಂತ ಅದೇ ಒಳ್ಳೆಯದು.

ಕೇರಳದ ಶಾಲೆಗಳಲ್ಲಿ ಮಕ್ಕಳು ಕೈಟ್ (ಅಲ್ಲಿನ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ) ಕೊಟ್ಟ ಗ್ನೂ-ಲಿನಕ್ಸಿನಲ್ಲೇ ಕಲಿಯುವುದರಿಂದ ಮನೆಯಲ್ಲಿ ಹೈಸ್ಕೂಲಿನ ಹುಡುಗ ಹುಡುಗಿಯರಿದ್ದರೆ ಟರ್ಮಿನಲ್ ನೋಡಿ ಗಾಬರಿ ಆಗುವವರು ನೀವೊಬ್ಬರೇ. ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಸರ್ವರಿಗೆ ನಾನು ಆರಿಸುವುದು ಡಿಎನ್‌ಎಸ್‌ಮಾಸ್ಕ್. ಸೈಮನ್ ಕೆಲ್ಲಿ ಬರೆದದ್ದು, ಸಾಕಷ್ಟು ಹಳೆಯದು, ಎಷ್ಟೋ ಹೋಮ್ ರೂಟರುಗಳ ಒಳಗೆ ಓಡುವುದೂ ಇದೇ. ಕೆಲವೇ ಎಂಬಿ ರ್‍ಯಾಮ್ ತಿನ್ನುತ್ತದೆ. ಬಣ್ಣದ ವೆಬ್ ಪುಟ, ಗ್ರಾಫ್ ಎಲ್ಲ ಬೇಕಿದ್ದರೆ ಪೈ-ಹೋಲ್ ಅಥವಾ ಆಡ್‌ಗಾರ್ಡ್ ಹೋಮ್ ಇವೆ. ಪೈ-ಹೋಲಿನ ಹೊಟ್ಟೆಯಲ್ಲಿ ಇರುವುದೂ ಬದಲಾಯಿಸಿದ ಡಿಎನ್‌ಎಸ್‌ಮಾಸ್ಕೇ. ಅನ್‌ಬೌಂಡ್ ಇನ್ನೊಂದು ಜಾತಿ. ಅದು ಬೇರೆಯವರನ್ನು ಕೇಳದೆ ನೇರ ಮೂಲ ಸರ್ವರುಗಳಿಂದ ಹಿಡಿದು ತಾನೇ ಹುಡುಕಬಲ್ಲದು. ಮನೆಗೆ ಅಷ್ಟೆಲ್ಲ ಬೇಡ.

ಇದನ್ನು ಕಂಟೇನರಿನಲ್ಲಿ, ಅಂದರೆ ಒಂದು ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಒಟ್ಟಿಗೆ ತುಂಬಿದ ಪ್ರತ್ಯೇಕ ಡಬ್ಬಿಯಲ್ಲಿ, ಇಡುವುದು ಯಾಕೆ ಎಂದು ಕೇಳಬಹುದು. ಡಿಎನ್‌ಎಸ್‌ಮಾಸ್ಕನ್ನು ಸುಮ್ನೆ ಆಪ್ಟ್‌ನಿಂದ ಹಾಕಿಕೊಂಡರೂ ಓಡುತ್ತದೆ, ಸುಳ್ಳಲ್ಲ. ಆದರೆ ಪೈಯಲ್ಲಿ ಮೊದಲು ಸಾಯುವುದು ಎಸ್‌ಡಿ ಕಾರ್ಡ್. ಕಂಟೇನರಿನಲ್ಲಿ ಇಟ್ಟರೆ ನಿಮ್ಮ ಸೆಟ್ಟಿಂಗ್ ಎಲ್ಲ ಒಂದೇ ಫೋಲ್ಡರಿನಲ್ಲಿ ಇರುತ್ತದೆ. ಅದರ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಇದ್ದರೆ ಹೊಸ ಕಾರ್ಡಿಗೋ ಹಳೆಯ ಲ್ಯಾಪ್‌ಟಾಪಿಗೋ ಹಾಕಿ ಎರಡು ಆಜ್ಞೆ ಕೊಟ್ಟರಾಯಿತು.

ಪೈಗೆ ಸ್ಥಿರ ವಿಳಾಸ

ರಾಸ್ಪ್‌ಬೆರಿ ಪೈ ಓಎಸ್ ಲೈಟ್, 64 ಬಿಟ್ಟಿನದು, ಕಾರ್ಡಿಗೆ ಬರೆದು ಎಬ್ಬಿಸಿ. ಆಮೇಲೆ ಅದಕ್ಕೆ ಎಂದೂ ಬದಲಾಗದ ವಿಳಾಸ ಕೊಡಬೇಕು. ರೂಟರಿನ ವಿಳಾಸ 192.168.1.1, ಪೈಗೆ ಕೊಡುವುದು 192.168.1.10 ಎಂದು ಇಟ್ಟುಕೊಳ್ಳೋಣ. ರೂಟರ್ ತಾನಾಗಿ ಹಂಚುವ ವಿಳಾಸಗಳ ಸಾಲಿನಿಂದ ಇದು ಹೊರಗಿರಲಿ.

ಹೆಚ್ಚಿನವರು ರೂಟರಿನ ಪುಟಕ್ಕೆ ಹೋಗಿ ಪೈಯ ಹೆಸರಿನಲ್ಲಿ ಒಂದು ವಿಳಾಸ ಕಾದಿರಿಸಿ ಕೈತೊಳೆದುಕೊಳ್ಳುತ್ತಾರೆ. ಅಷ್ಟು ಸಾಲದು. ಕರೆಂಟ್ ಬಂದಾಗ ರೂಟರ್ ಪೂರ್ತಿ ಏಳುವುದಕ್ಕೆ ಮೊದಲೇ ಪೈ ಎದ್ದಿರುತ್ತದೆ. ವಿಳಾಸ ಕೊಡುವವರು ಇಲ್ಲದೆ ಅದು ಬರಿಗೈಯಲ್ಲಿ ನಿಂತಿರುತ್ತದೆ. ಹಾಗಾಗಿ ವಿಳಾಸವನ್ನು ಪೈಯ ಒಳಗೇ ಬರೆದಿಡಿ. ಅದಕ್ಕೆ ಮೆನು ಇರುವ ಒಂದು ಉಪಕರಣ ಇದೆ:

ಸುಡೋ ಎನ್‌ಎಂಟಿಯುಐ

ಎಡಿಟ್ ಎ ಕನೆಕ್ಷನ್ ಆರಿಸಿ, ತಂತಿ ಸಂಪರ್ಕ ತೆರೆದು, ಐಪಿವಿ4 ಎಂಬಲ್ಲಿ ಮ್ಯಾನುಯಲ್ ಮಾಡಿ. ವಿಳಾಸ 192.168.1.10/24, ಗೇಟ್‌ವೇ 192.168.1.1. ಡಿಎನ್‌ಎಸ್ ಕೇಳುವಲ್ಲಿ 1.1.1.1 (ಯಾರು ಬೇಕಾದರೂ ಬಳಸಬಹುದಾದ ಹೊರಗಿನ ಡಿಎನ್‌ಎಸ್) ಕೊಡಿ.

ಈ ಕೊನೆಯದನ್ನು ಗಮನಿಸಿ. ಪೈ ತನ್ನ ಸ್ವಂತ ಕೆಲಸಕ್ಕೆ ತನ್ನೊಳಗಿನ ಕಂಟೇನರನ್ನು ಕೇಳಬಾರದು, ನೇರ ಹೊರಗೆ ಕೇಳಬೇಕು. ಇಲ್ಲದಿದ್ದರೆ ಕಂಟೇನರ್ ಬಿದ್ದ ದಿನ ಅದನ್ನು ಸರಿಮಾಡಲು ಬೇಕಾದ್ದನ್ನು ಇಳಿಸಿಕೊಳ್ಳುವುದಕ್ಕೂ ಆಗುವುದಿಲ್ಲ, ಗಡಿಯಾರ ಸರಿಮಾಡುವ ಸರ್ವರಿನ ಹೆಸರೂ ಸಿಗುವುದಿಲ್ಲ.

ಕಂಟೇನರ್ ಕಟ್ಟುವುದು

ಕಂಟೇನರುಗಳನ್ನು ಕಟ್ಟಿ ಓಡಿಸುವ ಡಾಕರ್ ಹಾಕಿಕೊಳ್ಳಿ:

ಸುಡೋ ಆಪ್ಟ್ ಇನ್‌ಸ್ಟಾಲ್ ಡಾಕರ್.ಐಒ

ಬೇರೆಯವರು ಕಟ್ಟಿಟ್ಟ ಇಮೇಜುಗಳು (ಕಂಟೇನರ್ ಎಬ್ಬಿಸುವ ಅಚ್ಚುಗಳು) ಬೇಕಾದಷ್ಟಿವೆ. ಆದರೆ ಮನೆಯವರು ಯಾವ ಯಾವ ಸೈಟಿಗೆ ಹೋಗುತ್ತಾರೆ ಎಂಬುದೆಲ್ಲ ಗೊತ್ತಾಗುವ ಜಾಗ ಇದು, ಅಲ್ವಾ? ಮೂರು ಸಾಲು ಬರೆದರೆ ನಮ್ಮದೇ ಆಗುವಾಗ ಗುರುತಿಲ್ಲದವರದ್ದು ಯಾಕೆ? /ಎಸ್‌ಆರ್‌ವಿ/ಡಿಎನ್‌ಎಸ್ ಎಂಬ ಫೋಲ್ಡರ್ ಮಾಡಿ. ಅದರಲ್ಲಿ ಡಾಕರ್‌ಫೈಲ್ ಎಂಬ ಕಡತ. ಅದರ ಮೊದಲಕ್ಷರ ಮಾತ್ರ ದೊಡ್ಡದು. ಒಳಗೆ ಇಷ್ಟು:

ಫ್ರಮ್ ಆಲ್ಪೈನ್:3
ರನ್ ಎಪಿಕೆ ಆಡ್ --ನೋ-ಕ್ಯಾಶ್ ಡಿಎನ್‌ಎಸ್‌ಮಾಸ್ಕ್
ಎಂಟ್ರಿಪಾಯಿಂಟ್ ["ಡಿಎನ್‌ಎಸ್‌ಮಾಸ್ಕ್", "-ಕೆ", "--ಲಾಗ್-ಫೆಸಿಲಿಟಿ=-", "--ಕಾನ್ಫ್-ಫೈಲ್=/ಡಿಎನ್‌ಎಸ್/ಡಿಎನ್‌ಎಸ್‌ಮಾಸ್ಕ್.ಕಾನ್ಫ್"]

ಆಲ್ಪೈನ್ ಎಂಬುದು ತೀರಾ ಸಣ್ಣ ಲಿನಕ್ಸ್. ಎಲ್ಲ ಸೇರಿದರೂ ಇಮೇಜ್ ಹತ್ತು ಎಂಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. -ಕೆ ಎಂದರೆ ಹಿನ್ನೆಲೆಗೆ ಸರಿಯದೆ ಮುಂದೆಯೇ ಓಡು ಎಂದು. ಅದಿಲ್ಲದಿದ್ದರೆ ಕಂಟೇನರ್ ಎದ್ದ ಕೂಡಲೇ ಮಲಗಿಬಿಡುತ್ತದೆ. ಲಾಗ್ ಸಾಲಿನ ಕೊನೆಯ ಗೆರೆ ಕೈತಪ್ಪಿದ್ದಲ್ಲ. ಸಂದೇಶಗಳನ್ನು ಡಾಕರಿನ ಲಾಗಿಗೆ ಕಳಿಸುವುದೇ ಅದು.

ಈಗ ಅದೇ ಫೋಲ್ಡರಿನಲ್ಲಿ ಡಿಎನ್‌ಎಸ್‌ಮಾಸ್ಕ್.ಕಾನ್ಫ್:

ನೋ-ರಿಸಾಲ್ವ್
ಸರ್ವರ್=1.1.1.1
ಸರ್ವರ್=9.9.9.9
ಲಿಸನ್-ಅಡ್ರೆಸ್=192.168.1.10
ಬೈಂಡ್-ಡೈನಾಮಿಕ್
ಡೊಮೇನ್-ನೀಡೆಡ್
ಬೋಗಸ್-ಪ್ರಿವ್
ಕ್ಯಾಶ್-ಸೈಜ್=1000
ಲೋಕಲ್=/ಹೋಮ್.ಆರ್ಪಾ/
ನೋ-ಹೋಸ್ಟ್ಸ್
ಆಡ್‌ಎನ್-ಹೋಸ್ಟ್ಸ್=/ಡಿಎನ್‌ಎಸ್/ಹೆಸರು

ಮೊದಲ ಮೂರು ಸಾಲು (ರಿಸಾಲ್ವ್ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯ ಇ ಅಕ್ಷರ ಬೇಡ): ಉತ್ತರ ಗೊತ್ತಿಲ್ಲದಿದ್ದರೆ ಹೊರಗೆ ಯಾರನ್ನು ಕೇಳಬೇಕು ಎಂಬುದು. ಇಬ್ಬರನ್ನು ಬೇರೆ ಬೇರೆ ಕಡೆಯಿಂದ ಇಟ್ಟರೆ ಒಬ್ಬರು ಕೈಕೊಟ್ಟರೂ ನಡೆಯುತ್ತದೆ. ಡೊಮೇನ್-ನೀಡೆಡ್ ಮತ್ತು ಬೋಗಸ್-ಪ್ರಿವ್ ಮನೆಯೊಳಗಿನ ಹೆಸರು, ಅಂಕೆಗಳು ಸುಮ್ನೆ ಹೊರಗೆ ಹೋಗದ ಹಾಗೆ ನೋಡಿಕೊಳ್ಳುತ್ತವೆ. ಕ್ಯಾಶ್, ಅಂದರೆ ಕೇಳಿದ ಉತ್ತರಗಳನ್ನು ನೆನಪಿಡುವ ಜಾಗ, ತಾನಾಗಿ ಇರುವುದು 150 ಹೆಸರಿಗೆ ಮಾತ್ರ. ಒಂದು ಸುದ್ದಿ ಸೈಟ್ ತೆರೆದರೆ ಹತ್ತಾರು ಹೆಸರು ಕೇಳುವ ಕಾಲದಲ್ಲಿ ಅದು ಕಡಿಮೆ. 1000 ಮಾಡಿದರೂ ರ್‍ಯಾಮಿಗೆ ಭಾರವಿಲ್ಲ.

ಬೈಂಡ್-ಡೈನಾಮಿಕ್ ಎಂಬ ಒಂದು ಸಾಲು ಮಾತ್ರ ಎಲ್ಲಕ್ಕಿಂತ ಮುಖ್ಯ. ಅದರ ಕಥೆ ಮುಂದೆ ಬರುತ್ತದೆ.

ಕೊನೆಗೆ ‘ಹೆಸರು’ ಎಂಬ ಕಡತ (ಇದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ). ಒಂದೊಂದು ಸಾಲಿಗೆ ಒಂದು ವಿಳಾಸ, ಒಂದು ಹೆಸರು:

192.168.1.20 ಪ್ರಿಂಟರ್.ಹೋಮ್.ಆರ್ಪಾ
192.168.1.21 ಅಂಗಳ.ಹೋಮ್.ಆರ್ಪಾ
192.168.1.22 ಪಂಪ್.ಹೋಮ್.ಆರ್ಪಾ

ಇಂಟರ್ನೆಟ್ಟಿನ ಮೊದಲ ದಿನಗಳಲ್ಲಿ ಇಡೀ ನೆಟ್‌ವರ್ಕಿನ ಯಂತ್ರಗಳ ಹೆಸರು ಇಂಥದೇ ಒಂದು ಕಡತದಲ್ಲಿತ್ತು. ಅದನ್ನು ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ನೋಡಿಕೊಳ್ಳುತ್ತಿತ್ತು, ಎಲ್ಲರೂ ಅಲ್ಲಿಂದ ಪ್ರತಿ ಇಳಿಸಿಕೊಳ್ಳುತ್ತಿದ್ದರು. ಯಂತ್ರಗಳು ಜಾಸ್ತಿಯಾಗಿ ಅದು ಕೈಮೀರಿದಾಗ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ನಮ್ಮ ಮನೆಯಲ್ಲಿ ಇರುವುದು ಐದಾರು ಯಂತ್ರ, ಹಾಗಾಗಿ ಹಳೆಯ ಕ್ರಮವೇ ಚೆನ್ನಾಗಿ ನಡೆಯುತ್ತದೆ.

ಹೋಮ್.ಆರ್ಪಾ ಎಂಬ ಬಾಲ ವಿಚಿತ್ರ ಅನಿಸಬಹುದು. ಮನೆಯ ನೆಟ್‌ವರ್ಕಿಗೆಂದೇ 2018ರಲ್ಲಿ ಎತ್ತಿಟ್ಟ ಹೆಸರು ಅದು. ಡಾಟ್ ಲೋಕಲ್ ಬಳಸಬೇಡಿ. ಪ್ರಿಂಟರ್, ಫೋನುಗಳು ಡಿಎನ್‌ಎಸ್ ಸರ್ವರಿನ ಹಂಗಿಲ್ಲದೆ ತಮ್ಮತಮ್ಮಲ್ಲೇ ಕೂಗಿ ಹುಡುಕುವ ಎಂಡಿಎನ್‌ಎಸ್ ವ್ಯವಸ್ಥೆಗೆ ಅದು ಮೀಸಲು. ಎರಡೂ ಸೇರಿದರೆ ಒಂದು ಫೋನಿನಲ್ಲಿ ಹೆಸರು ಸಿಗುತ್ತದೆ, ಇನ್ನೊಂದರಲ್ಲಿ ಸಿಗುವುದಿಲ್ಲ.

ಇನ್ನು ಕಟ್ಟಿ ಓಡಿಸುವುದು. ಆ ಫೋಲ್ಡರಿನಲ್ಲೇ ನಿಂತು:

ಸುಡೋ ಡಾಕರ್ ಬಿಲ್ಡ್ -ಟಿ ಮನೆಡಿಎನ್‌ಎಸ್ .

(ಕೊನೆಯ ಚುಕ್ಕೆಯೂ ಆಜ್ಞೆಯ ಭಾಗವೇ.) ಆಮೇಲೆ, ಎಲ್ಲ ಒಂದೇ ಸಾಲಿನಲ್ಲಿ:

ಸುಡೋ ಡಾಕರ್ ರನ್ -ಡಿ --ನೇಮ್ ಮನೆಡಿಎನ್‌ಎಸ್ --ನೆಟ್‌ವರ್ಕ್ ಹೋಸ್ಟ್ --ಕ್ಯಾಪ್-ಆಡ್ ನೆಟ್_ಅಡ್ಮಿನ್ --ರಿಸ್ಟಾರ್ಟ್ ಅನ್‌ಲೆಸ್-ಸ್ಟಾಪ್ಡ್ --ಲಾಗ್-ಆಪ್ಟ್ ಮ್ಯಾಕ್ಸ್-ಸೈಜ್=1ಎಂ -ವಿ /ಎಸ್‌ಆರ್‌ವಿ/ಡಿಎನ್‌ಎಸ್:/ಡಿಎನ್‌ಎಸ್:ಆರ್‌ಒ ಮನೆಡಿಎನ್‌ಎಸ್

ನೆಟ್_ಅಡ್ಮಿನ್ ಅನುಮತಿ ಕೊಡದಿದ್ದರೆ ಸೆಟ್ಟಿಂಗ್ ಕೇಪಬಿಲಿಟೀಸ್ ಫೇಲ್ಡ್ ಎಂದು ಡಿಎನ್‌ಎಸ್‌ಮಾಸ್ಕ್ ಗೊಣಗಿ ನಿಂತುಬಿಡಬಹುದು. ಲಾಗಿಗೆ ಮಿತಿ ಹಾಕಿದ್ದು ಎಸ್‌ಡಿ ಕಾರ್ಡಿನ ಆಯುಷ್ಯಕ್ಕಾಗಿ. ಡಾಕರ್ ತಾನಾಗಿ ಲಾಗಿಗೆ ಮಿತಿ ಇಡುವುದಿಲ್ಲ. -ವಿ ಎಂಬಲ್ಲಿ ಒಂದು ಕಡತದ ಬದಲು ಇಡೀ ಫೋಲ್ಡರ್ ಜೋಡಿಸಿದ್ದಕ್ಕೂ ಕಾರಣ ಇದೆ. ಹಲವು ಎಡಿಟರುಗಳು ಸೇವ್ ಮಾಡುವಾಗ ಹಳೆಯ ಕಡತ ತೆಗೆದು ಆ ಜಾಗದಲ್ಲಿ ಹೊಸದು ಇಡುತ್ತವೆ. ಕಡತ ಒಂದನ್ನೇ ಜೋಡಿಸಿದ್ದರೆ ಕಂಟೇನರ್ ಹಳೆಯದನ್ನೇ ನೋಡುತ್ತಾ ಕೂತಿರುತ್ತದೆ. ನೀವು ಎಷ್ಟು ಬದಲಾಯಿಸಿದರೂ ಏನೂ ಆಗುವುದಿಲ್ಲ.

ಪೋರ್ಟ್ 53ರ ಜಗಳ

ಡಿಎನ್‌ಎಸ್ ಕೂರುವುದು 53ನೇ ಪೋರ್ಟಿನಲ್ಲಿ, ಯುಡಿಪಿ ಟಿಸಿಪಿ ಎರಡರಲ್ಲೂ. ಪೈಯ ಬದಲು ಉಬುಂಟು ಇರುವ ಲ್ಯಾಪ್‌ಟಾಪ್ ಬಳಸುವವರಿಗೆ ಇಲ್ಲಿ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎಂಬ ಸಾಲು ಎದುರಾಗುವುದುಂಟು. ಉಬುಂಟುವಿನಲ್ಲಿ ಸಿಸ್ಟಂಡಿ-ರಿಸಾಲ್ವ್ಡ್ ಎಂಬುದು 127.0.0.53 ವಿಳಾಸದಲ್ಲಿ ಆಗಲೇ ಕೂತಿರುತ್ತದೆ. ಅದನ್ನು ಕಿತ್ತುಹಾಕಿ ಎಂದು ಹೇಳುವವರೇ ಜಾಸ್ತಿ. ಕಿತ್ತರೆ ಯಂತ್ರದ ಸ್ವಂತ ಡಿಎನ್‌ಎಸ್ ಹಾಳಾಗಿ ಇನ್ನೊಂದು ತಲೆನೋವು. ನಾವು 192.168.1.10 ಎಂದು ಒಂದೇ ವಿಳಾಸ ಹೇಳಿದ್ದೇವೆ. ಎರಡೂ ಬೇರೆ ಬೇರೆ ವಿಳಾಸ, ಜಗಳವೇ ಇಲ್ಲ.

ಮನೆಯವರಿಗೆ ಹೇಳುವ ಮೊದಲು ಪರೀಕ್ಷೆ

ಮನೆಯ ಇನ್ನೊಂದು ಕಂಪ್ಯೂಟರಿನಿಂದ, ವಿಂಡೋಸ್ ಆದರೂ ಸರಿ:

ಎನ್‌ಎಸ್‌ಲುಕಪ್ ಅಂಗಳ.ಹೋಮ್.ಆರ್ಪಾ 192.168.1.10

192.168.1.21 ಎಂದು ಬರಬೇಕು. ಆಮೇಲೆ ಹೊರಗಿನ ಒಂದು ಹೆಸರನ್ನೂ ಕೇಳಿ ನೋಡಿ. ಲಿನಕ್ಸಿನಲ್ಲಿ ಡಿಗ್ ಇದ್ದರೆ ಅದರಲ್ಲೇ ಒಂದೇ ಹೆಸರನ್ನು ಎರಡು ಸಲ ಕೇಳಿ, ಕೆಳಗೆ ಬರುವ ಕ್ವೆರಿ ಟೈಮ್ ನೋಡಿ. ಮೊದಲ ಸಲ ಹತ್ತಿಪ್ಪತ್ತು ಮಿಲಿಸೆಕೆಂಡೋ ಇನ್ನೂ ಜಾಸ್ತಿಯೋ ಇರುತ್ತದೆ. ಎರಡನೇ ಸಲ ಸೊನ್ನೆ ಅಥವಾ ಒಂದು. ಕ್ಯಾಶ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಕರೆಂಟ್ ಹೋಗಿ ಬಂದಾಗ

ಮಳೆಗಾಲದ ಸಂಜೆ ನಮ್ಮ ಕಡೆ ಕೇಳುವ ಮಾತು ಹೀಗಿರುತ್ತದೆ:

"ಮಗಾ, ನೆಟ್ ಉಂಟಾ ನೋಡು."

"ವೈಫೈ ಫುಲ್ ಉಂಟು ಅತ್ತೆ. ಆದರೆ ಒಂದೂ ಓಪನ್ ಆಗುವುದಿಲ್ಲ."

ವೈಫೈ ತುಂಬಾ ಇದೆ, ಏನೂ ತೆರೆಯುವುದಿಲ್ಲ ಎಂದರೆ ಡಿಎನ್‌ಎಸ್ ಎದ್ದಿಲ್ಲವೇನೋ ಎಂದು ಮೊದಲು ನೋಡಬೇಕು. ಹೀಗಾಗುವ ಬಗೆಯನ್ನು ಬಿಡಿಸಿ ನೋಡೋಣ.

ಕರೆಂಟ್ ಬಂತು. ಪೈ, ರೂಟರ್, ಒಎನ್‌ಯು ಮೂರೂ ಒಟ್ಟಿಗೆ ಏಳಲು ಶುರು. ಪೈಯ ಲ್ಯಾನಿಗೆ ಇನ್ನೂ ಜೀವ ಬಂದಿಲ್ಲ, ಹಾಗಾಗಿ 192.168.1.10 ಎಂಬ ವಿಳಾಸವೇ ಇನ್ನೂ ಹುಟ್ಟಿಲ್ಲ. ಅಷ್ಟರಲ್ಲಿ ಡಾಕರ್ ಎದ್ದು ಕಂಟೇನರನ್ನು ಎಬ್ಬಿಸುತ್ತದೆ. ಸಾಮಾನ್ಯವಾಗಿ ಎಲ್ಲರೂ ಮಾಡುವ ಹಾಗೆ -ಪಿ ಹಾಕಿ ಆ ವಿಳಾಸಕ್ಕೆ ಪೋರ್ಟ್ ಜೋಡಿಸಿದ್ದರೆ, ಇಲ್ಲದ ವಿಳಾಸಕ್ಕೆ ಜೋಡಿಸಲು ಆಗದೆ ಕಂಟೇನರ್ ಅಲ್ಲೇ ಬೀಳುತ್ತದೆ. ರಿಸ್ಟಾರ್ಟ್ ನಿಯಮ ಇದೆಯಲ್ಲ ಎನ್ನಬೇಡಿ. ಒಮ್ಮೆ ಸರಿಯಾಗಿ ಎದ್ದು ಆಮೇಲೆ ಬಿದ್ದ ಕಂಟೇನರಿಗೆ ಮಾತ್ರ ಅದು ಲೆಕ್ಕ. ಏಳುವಾಗಲೇ ಮುಗ್ಗರಿಸಿದ್ದಕ್ಕೆ ಅದನ್ನು ನಂಬಲಾಗದು.

ಅದಕ್ಕೇ ನಾವು ಹೋಸ್ಟ್ ನೆಟ್‌ವರ್ಕ್ ಮತ್ತು ಬೈಂಡ್-ಡೈನಾಮಿಕ್ ಹಾಕಿದ್ದು. ಹೋಸ್ಟ್ ನೆಟ್‌ವರ್ಕಿನಲ್ಲಿ ಡಾಕರ್ ಪೋರ್ಟ್ ಜೋಡಿಸುವ ಗೋಜಿಗೇ ಹೋಗುವುದಿಲ್ಲ. ಬೈಂಡ್-ಡೈನಾಮಿಕ್ ಇದ್ದರೆ ವಿಳಾಸ ಇಲ್ಲದಿದ್ದರೂ ಡಿಎನ್‌ಎಸ್‌ಮಾಸ್ಕ್ ಬೀಳದೆ ಕಾಯುತ್ತದೆ. ಲ್ಯಾನ್ ಬಂದು ವಿಳಾಸ ಹುಟ್ಟಿದ ಕ್ಷಣ ಅದರ ಮೇಲೆ ಕೂರುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ಲ್ಯಾನ್ ಕೇಬಲ್ ಕಿತ್ತು ಪೈಯನ್ನು ಎಬ್ಬಿಸಿ, ಎರಡು ನಿಮಿಷ ಬಿಟ್ಟು ಕೇಬಲ್ ಚುಚ್ಚಿ, ಎನ್‌ಎಸ್‌ಲುಕಪ್ ಮಾಡಿ. ಉತ್ತರ ಬಂದರೆ ಮಳೆಗಾಲಕ್ಕೆ ತಯಾರು.

ಎರಡನೇ ತೊಂದರೆ ಗಡಿಯಾರದ್ದು. ಪೈ 4ರವರೆಗಿನ ಯಾವುದರಲ್ಲೂ ಕರೆಂಟ್ ಇಲ್ಲದಾಗ ನಡೆಯುವ ಗಡಿಯಾರ ಇಲ್ಲ. ಪೈ 5ರಲ್ಲಿ ಇದೆ, ಬ್ಯಾಟರಿ ಬೇರೆ ತರಬೇಕು. ಕರೆಂಟ್ ಒಂದು ದಿನ ಹೋಗಿದ್ದರೆ ಪೈ ಏಳುವಾಗ ಅದರ ಪ್ರಕಾರ ಇನ್ನೂ ನಿನ್ನೆಯೇ. ಉತ್ತರಗಳಿಗೆ ಸಹಿ ಹಾಕಿ ಪರಿಶೀಲಿಸುವ ಡಿಎನ್‌ಎಸ್‌ಸೆಕ್ ಚಾಲೂ ಮಾಡಿದ್ದರೆ, ಇವತ್ತು ಹಾಕಿದ ಸಹಿಗಳೆಲ್ಲ ಅದಕ್ಕೆ ನಾಳೆಯ ಸಹಿಯಾಗಿ ಕಂಡು ತಿರಸ್ಕಾರ ಆಗುತ್ತವೆ. ನಾನು ಪೈಯಲ್ಲಿ ಅದನ್ನು ಚಾಲೂ ಮಾಡುವುದಿಲ್ಲ. 1.1.1.1, 9.9.9.9 ಇಬ್ಬರೂ ತಮ್ಮ ಕಡೆಯಲ್ಲೇ ಆ ಪರಿಶೀಲನೆ ಮಾಡುತ್ತಾರೆ.

ಇನ್ವರ್ಟರ್ ಇರುವ ಮನೆಯಾದರೆ ಮೂರೂ ಡಬ್ಬಿಗಳ ಪ್ಲಗ್ ಅದರ ಲೈನಿನಲ್ಲಿ ಇದೆಯೇ ನೋಡಿ. ಇನ್ವರ್ಟರ್ ಇಲ್ಲದಿದ್ದರೆ ರೂಟರಿಗೆಂದೇ ಸಿಗುವ ಮಿನಿ ಯುಪಿಎಸ್ ಸಾಕು. ಪೈಗೆ ಬೇಕಾದ 5 ವೋಲ್ಟಿನ ಔಟ್‌ಪುಟ್ಟೂ ಇರುವಂಥದ್ದನ್ನು ಕೇಳಿ ತನ್ನಿ, ಎಷ್ಟು ಆಂಪಿಯರ್ ಕೊಡುತ್ತದೆ ಎಂದೂ ಓದಿ. ಪೈ 3ಕ್ಕೆ 2.5, ಪೈ 4ಕ್ಕೆ 3 ಆಂಪಿಯರ್. ತುಲಾ ಮಳೆಯ ಸಿಡಿಲಿಗೆ ಮಾತ್ರ ಯುಪಿಎಸ್ ಉಪಯೋಗವಿಲ್ಲ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಅಂಗಳದ ಕ್ಯಾಮರಾದಿಂದ ಬರುವ ಲ್ಯಾನ್ ಕೇಬಲನ್ನೂ ಕೀಳಬೇಕು. ಹೊರಗಿನ ತಾಮ್ರದ ತಂತಿಯ ಮೂಲಕವೂ ಸಿಡಿಲು ಒಳಗೆ ಬರುತ್ತದೆ.

ರೂಟರಿಗೆ ಹೇಳುವುದು

ಎಲ್ಲ ಸರಿ ಎಂದಾದ ಮೇಲೆ ರೂಟರಿನ ಡಿಎಚ್‌ಸಿಪಿ (ಯಂತ್ರಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಪುಟದಲ್ಲಿ ಪ್ರೈಮರಿ ಡಿಎನ್‌ಎಸ್ 192.168.1.10 ಮಾಡಿ. ಸೆಕೆಂಡರಿಯಲ್ಲಿ ಗೂಗಲಿನ 8.8.8.8 ಹಾಕೋಣ, ಪೈ ಬಿದ್ದರೆ ಅದಿರಲಿ ಅನಿಸುತ್ತದೆ. ಬೇಡ. ಮೊದಲನೆಯದು ಸತ್ತರೆ ಮಾತ್ರ ಎರಡನೆಯದು ಎಂಬ ಶಿಸ್ತು ಎಲ್ಲ ಫೋನು, ಕಂಪ್ಯೂಟರುಗಳಲ್ಲಿ ಇಲ್ಲ. ಯಾವಾಗ ಬೇಕಾದರೂ ಎರಡನೆಯದನ್ನು ಕೇಳಬಹುದು. ಆಗ ಅಂಗಳದ ಹೆಸರು ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ಖಾಲಿ ಬಿಡಿ, ಅಥವಾ ಇನ್ನೊಂದು ಪೈಯಲ್ಲಿ ಇದೇ ಫೋಲ್ಡರ್ ಹಾಕಿ, ಲಿಸನ್-ಅಡ್ರೆಸ್ ಮಾತ್ರ ಬದಲಿಸಿ, ಅದರ ವಿಳಾಸ ಕೊಡಿ.

ಕನೆಕ್ಷನ್ ಕೊಟ್ಟವರ ಡಬ್ಬಿಯಲ್ಲಿ ಆ ಪುಟಕ್ಕೇ ಬೀಗ ಹಾಕಿರುವುದುಂಟು. ಆಗ ಕೇಬಲ್ ಆಪರೇಟರನ್ನು ಕೇಳಿ ನೋಡಿ. ಆಗದಿದ್ದರೆ ಬೇಕಾದ ಯಂತ್ರಗಳಲ್ಲಿ ಮಾತ್ರ ಕೈಯಾರೆ ಬರೆಯಿರಿ.

ಎಲ್ಲ ಮಾಡಿಯೂ ಒಂದು ಫೋನ್ ಮಾತು ಕೇಳದಿದ್ದರೆ ಎರಡು ಕಡೆ ನೋಡಿ. ಆಂಡ್ರಾಯ್ಡಿನ ಸೆಟ್ಟಿಂಗಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬಲ್ಲಿ ಯಾರದೋ ಹೆಸರು ಬರೆದಿದ್ದರೆ ಅದು ಮನೆಯ ಸರ್ವರನ್ನು ಕೇಳುವುದೇ ಇಲ್ಲ. ಆಟೊಮ್ಯಾಟಿಕ್ ಎಂದಿದ್ದರೆ ತೊಂದರೆ ಇಲ್ಲ. ಇನ್ನೊಂದು, ರೂಟರ್ ಐಪಿವಿ6ರ ಮೂಲಕ ಬೇರೆ ಡಿಎನ್‌ಎಸ್ ವಿಳಾಸ ಹಂಚುತ್ತಿರಬಹುದು. ಆ ಪುಟ ಬೇರೆ ಇರುತ್ತದೆ, ಹುಡುಕಿ ನಿಲ್ಲಿಸಬೇಕು.

ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿ 53ನ್ನು ಹೊರಗಿನವರಿಗೆ ತೆರೆಯಬೇಡಿ. ಎಲ್ಲರಿಗೂ ಉತ್ತರಿಸುವ ಡಿಎನ್‌ಎಸ್ ಸಿಕ್ಕಿದರೆ ದಾಳಿಕೋರರು ಅದನ್ನು ಬಳಸಿ ಮೂರನೆಯವರ ಮೇಲೆ ಉತ್ತರಗಳ ಪ್ರವಾಹ ಹರಿಸುತ್ತಾರೆ, ನಿಮ್ಮ ಕನೆಕ್ಷನ್ನಿನ ಹೆಸರಲ್ಲಿ.

ತಡೆಯುವುದು, ಬದಲಾಯಿಸುವುದು

ಒಂದು ಡೊಮೇನ್ ತಡೆಯಲು ಕಾನ್ಫ್ ಕಡತದಲ್ಲಿ ಅಡ್ರೆಸ್=/ಡೊಮೇನಿನ ಹೆಸರು/ ಎಂದು ಒಂದು ಸಾಲು. ಅದರ ಒಳಗಿನ ಎಲ್ಲ ಉಪಹೆಸರುಗಳೂ ಅದರೊಂದಿಗೇ ಹೋಗುತ್ತವೆ. ಯೂಟ್ಯೂಬಿನ ಜಾಹೀರಾತು ಇದರಿಂದ ನಿಲ್ಲುವುದಿಲ್ಲ, ವಿಡಿಯೊ ಬರುವ ಕಡೆಯಿಂದಲೇ ಅದೂ ಬರುತ್ತದೆ. ಲಕ್ಷಗಟ್ಟಲೆ ಹೆಸರಿರುವ ಪಟ್ಟಿ ಹಾಕಬೇಕಿದ್ದರೆ ಪೈ-ಹೋಲಿಗೆ ಹೋಗುವುದೇ ಸರಿ. ಆದರೆ ಪಟ್ಟಿ ದೊಡ್ಡದಾದಷ್ಟೂ ಬ್ಯಾಂಕಿನ ಆ್ಯಪೋ ಅಕ್ಷಯ ಕೇಂದ್ರದವರು ಕಳಿಸಿದ ಲಿಂಕೋ ತೆರೆಯಲಿಲ್ಲ ಎಂಬ ದೂರು ನಿಮ್ಮ ತಲೆಗೇ ಬರುತ್ತದೆ.

‘ಹೆಸರು’ ಕಡತ ಬದಲಾಯಿಸಿದರೆ ಸರ್ವರ್ ನಿಲ್ಲಿಸಬೇಕಾಗಿಲ್ಲ:

ಸುಡೋ ಡಾಕರ್ ಕಿಲ್ -ಎಸ್ ಎಚ್‌ಯುಪಿ ಮನೆಡಿಎನ್‌ಎಸ್

ಆಜ್ಞೆಯ ಹೆಸರು ಕೊಲ್ಲು ಎಂದಿದ್ದರೂ ಇದು ಕೊಲ್ಲುವುದಿಲ್ಲ, ಕಡತ ಮತ್ತೆ ಓದಿಸುತ್ತದೆ (ಎಚ್‌ಯುಪಿ ದೊಡ್ಡಕ್ಷರದಲ್ಲಿರಲಿ). ಕಾನ್ಫ್ ಕಡತ ಬದಲಾದರೆ ಮಾತ್ರ ಡಾಕರ್ ರಿಸ್ಟಾರ್ಟ್ ಮನೆಡಿಎನ್‌ಎಸ್ ಬೇಕು. ಅದು ಕೆಲವು ಸೆಕೆಂಡಿನ ಕೆಲಸ.

ವರ್ಷಕ್ಕೆ ನಾಲ್ಕೈದು ಸಲ ಇಮೇಜನ್ನು ಹೊಸದಾಗಿ ಕಟ್ಟಿ. 2021ರ ಜನವರಿಯಲ್ಲಿ ಡಿಎನ್‌ಎಸ್‌ಪೂಕ್ ಎಂಬ ಹೆಸರಿನಲ್ಲಿ ಡಿಎನ್‌ಎಸ್‌ಮಾಸ್ಕಿನ ಏಳು ದೋಷಗಳು ಒಟ್ಟಿಗೆ ಹೊರಬಿದ್ದವು. ಸುಳ್ಳು ಉತ್ತರವನ್ನು ಕ್ಯಾಶಿನಲ್ಲಿ ತುರುಕಲು ದಾರಿ ಮಾಡಿಕೊಡುವಂಥವೂ ಅವುಗಳಲ್ಲಿದ್ದವು. 2.83ನೇ ಆವೃತ್ತಿಯಲ್ಲಿ ಸರಿಯಾಯಿತು. ಹೊಸದಾಗಿ ಕಟ್ಟುವಾಗ ಬಿಲ್ಡ್ ಆಜ್ಞೆಗೆ --ಪುಲ್ --ನೋ-ಕ್ಯಾಶ್ ಸೇರಿಸಿ, ಡಾಕರ್ ಆರ್‌ಎಂ -ಎಫ್ ಮನೆಡಿಎನ್‌ಎಸ್ ಎಂದು ಹಳೆಯ ಕಂಟೇನರ್ ತೆಗೆದು, ಮೇಲಿನ ರನ್ ಸಾಲನ್ನೇ ಮತ್ತೆ ಕೊಡಿ. ಆ ಸಾಲನ್ನೂ ಒಂದು ಕಡತದಲ್ಲಿ ಬರೆದು ಅದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಮಕ್ಕಳ ಆನ್‌ಲೈನ್ ಕ್ಲಾಸಿನ ಹೊತ್ತು ಮಾತ್ರ ಇದಕ್ಕೆ ಕೈಹಾಕಬೇಡಿ.

ನೀವು ಊರಲ್ಲಿಲ್ಲದಾಗ ಪೈ ಕೆಟ್ಟರೆ ಮನೆಯವರು ಏನು ಮಾಡಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ರೂಟರಿಗೆ ಅಂಟಿಸಿ. ರೂಟರಿನ ಪುಟದ ವಿಳಾಸ, ಯಾವ ಮೆನು, ಪ್ರೈಮರಿ ಡಿಎನ್‌ಎಸ್ ಇರುವಲ್ಲಿ 1.1.1.1 ಬರೆದು ಸೇವ್ ಮಾಡಬೇಕು, ಆಮೇಲೆ ಫೋನಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆಯದೆ ಮನೆಯ ಒಬ್ಬರಿಗೆ ಬಾಯಲ್ಲಿ ಹೇಳಿಡಿ.